ಕೆಲಸ ಕೊಡಲು ಸಿಬಿಲ್ ವರದಿ ಮಾನದಂಡವಾಗಬಾರದು

ಮಾನ್ಯ ಸಂಪಾದಕರೇ,

ಬ್ಯಾಂಕ್ ನೇಮಕಾತಿಯ ಅಧಿಸೂಚನೆ ಹೊರಬಿದ್ದಾಗ ವಯೋಮಿತಿ, ವಿದ್ಯಾರ್ಹತೆ, ಮೀಸಲಾತಿ ಮತ್ತು ಪರೀಕ್ಷಾ ಕೇಂದ್ರಗಳ ವಿವರವನ್ನು ನಮ್ಮ ಊರಿನ ಹುಡುಗ ಹುಡುಗಿಯರು ಎರಡೆರಡು ಸಲ ಓದುತ್ತಾರೆ. ಅಭ್ಯರ್ಥಿಯ ಸಾಲದ ಚರಿತ್ರೆಯ ಬಗ್ಗೆ ಅದೇ ಅಧಿಸೂಚನೆಯಲ್ಲಿರುವ ಷರತ್ತನ್ನು ಮಾತ್ರ ಬಹುತೇಕರು ಗಮನಿಸುವುದಿಲ್ಲ. ಗಮನಿಸಿದವರಿಗೂ ಅದು ತಮಗೆ ಸಂಬಂಧಿಸಿದ್ದು ಎಂದು ಅನಿಸುವುದಿಲ್ಲ. ಉಡುಪಿಯ ಕಾಲೇಜೊಂದರಲ್ಲಿ ವಾಣಿಜ್ಯ ವಿಷಯ ಬೋಧಿಸುತ್ತ, ಉದ್ಯೋಗ ಮಾರ್ಗದರ್ಶನ ಕೇಂದ್ರದ ಹೊಣೆಯನ್ನೂ ಹೊತ್ತಿರುವ ನಾನು ಈ ಷರತ್ತು ಬಡ ಮನೆಯ ಮಕ್ಕಳಿಗೆ ಮಾಡುತ್ತಿರುವ ಅನ್ಯಾಯದ ಕಡೆಗೆ ತಮ್ಮ ಪತ್ರಿಕೆಯ ಮೂಲಕ ಗಮನ ಸೆಳೆಯಲು ಬಯಸುತ್ತೇನೆ. ಒಬ್ಬರಿಗೆ ಸಾಲ ಕೊಡಬಹುದೇ ಎಂದು ನಿರ್ಧರಿಸಲೆಂದು ತಯಾರಾಗುವ ಸಿಬಿಲ್ ವರದಿಯನ್ನು ಇಟ್ಟುಕೊಂಡು ಅವರಿಗೆ ಕೆಲಸ ಕೊಡಬಹುದೇ ಎಂದು ನಿರ್ಧರಿಸುವುದು ಸರಿಯಲ್ಲ. ಬಾಕಿ ತೀರಿಸಲು ಇರುವ ದಾರಿ ಕೆಲಸವೊಂದೇ ಆಗಿರುವವರ ವಿಷಯದಲ್ಲಂತೂ ಅದು ಕ್ರೂರ.

ಷರತ್ತು ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿಸುತ್ತೇನೆ. ಭಾರತೀಯ ಸ್ಟೇಟ್ ಬ್ಯಾಂಕಿನ ಹಲವು ನೇಮಕಾತಿ ಜಾಹೀರಾತುಗಳ ಪ್ರಕಾರ ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿಯ ಮರುಪಾವತಿಯಲ್ಲಿ ಸುಸ್ತಿಯಾದ, ಅಂದರೆ ಗಡುವಿಗೆ ಕಟ್ಟದೆ ಉಳಿಸಿಕೊಂಡ, ದಾಖಲೆ ಇರುವವರು, ಸಿಬಿಲ್ ಅಥವಾ ಅಂಥ ಬೇರೆ ಸಂಸ್ಥೆಯ ಪ್ರತಿಕೂಲ ವರದಿ ಇರುವವರು ನೇಮಕಾತಿಗೆ ಅರ್ಹರಲ್ಲ. ಇತರ ಸರ್ಕಾರಿ ಬ್ಯಾಂಕುಗಳಿಗೆ ಅಭ್ಯರ್ಥಿಗಳನ್ನು ಆರಿಸುವ ಐಬಿಪಿಎಸ್ 2023ರಲ್ಲಿ ಕನಿಷ್ಠ 650 ಸಿಬಿಲ್ ಅಂಕ ಬೇಕೆಂದು ಹೇಳಿತ್ತು. ಬಳಿಕ ಆ ಸಂಖ್ಯೆಯನ್ನು ಕೈಬಿಟ್ಟು, ಸೇರುವ ಹೊತ್ತಿಗೆ ಸಾಲದ ಚರಿತ್ರೆ ಚೆನ್ನಾಗಿರಬೇಕು, ಕನಿಷ್ಠ ಅಂಕ ಆಯಾ ಬ್ಯಾಂಕಿನ ನೀತಿಯಂತೆ ಇರುತ್ತದೆ, ವರದಿಯಲ್ಲಿ ಪ್ರತಿಕೂಲವಾಗಿ ಕಾಣುವ ಖಾತೆಗಳಿದ್ದರೆ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತರಬೇಕು, ತಾರದಿದ್ದರೆ ನೇಮಕಾತಿಯ ಆದೇಶವನ್ನೇ ಹಿಂಪಡೆಯಬಹುದು ಎಂದು ತಿದ್ದಿಕೊಂಡಿತು. ಅಂಕದ ಗಡಿ ತೆಗೆದದ್ದು ಒಳ್ಳೆಯದೇ. ಪತ್ರ ತಂದರೆ ಸಾಕು ಎಂಬ ದಾರಿಯೂ ಮೊದಲಿಗಿಂತ ವಾಸಿ. ಆದರೆ ಮೊದಲ ಸಂಬಳ ಕೈಸೇರುವ ಮುನ್ನವೇ ಆ ಪತ್ರ ತರಬೇಕಾದ ಅಭ್ಯರ್ಥಿಯ ಕೈಯಲ್ಲಿ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇಂಥದ್ದೇ ಪ್ರಕರಣವೊಂದರಲ್ಲಿ ಸ್ಟೇಟ್ ಬ್ಯಾಂಕಿನ ಕ್ರಮವನ್ನು ಎತ್ತಿಹಿಡಿಯಿತು. ಅಧಿಕಾರಿ ಹುದ್ದೆಯ ಪರೀಕ್ಷೆ, ಸಂದರ್ಶನಗಳೆಲ್ಲವನ್ನೂ ದಾಟಿ 2021ರ ಮಾರ್ಚ್‌ನಲ್ಲಿ ನೇಮಕಾತಿ ಆದೇಶ ಪಡೆದಿದ್ದ ಅಭ್ಯರ್ಥಿಯ ಆಯ್ಕೆಯನ್ನು ಬ್ಯಾಂಕ್ ಮರುತಿಂಗಳೇ ರದ್ದು ಮಾಡಿತ್ತು. ಸಾಲಗಳನ್ನೆಲ್ಲ ತೀರಿಸಿದ್ದೇನೆ, ಅಧಿಸೂಚನೆಯ ದಿನಕ್ಕೆ ನನ್ನಿಂದ ಏನೂ ಬಾಕಿ ಇರಲಿಲ್ಲ ಎಂದು ಆತ ವಾದಿಸಿದರು. ಸಾಲ ತೀರಿದರಷ್ಟೇ ಸಾಲದು, ಮರುಪಾವತಿಯಲ್ಲಿ ಸುಸ್ತಿಯ ದಾಖಲೆಯೇ ಇರಬಾರದು ಎಂಬುದು ಷರತ್ತು, ಜನರ ಹಣ ನಿರ್ವಹಿಸುವ ಬ್ಯಾಂಕಿನ ನೌಕರನಿಗೆ ಹಣಕಾಸಿನ ಶಿಸ್ತು ಅತ್ಯಗತ್ಯ ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ನ್ಯಾಯಾಲಯದ ತೀರ್ಪಿನ ಬಗ್ಗೆ ನನಗೆ ಗೌರವವಿದೆ, ಮತ್ತು ಇದ್ದ ಷರತ್ತಿಗೆ ಅದು ಕೊಟ್ಟ ಅರ್ಥ ಸಹಜವೇ ಇರಬಹುದು. ನನ್ನ ಆಕ್ಷೇಪ ಇರುವುದು ಆ ಷರತ್ತಿನ ಮೇಲೆ. ಕಷ್ಟಪಟ್ಟು ಸಾಲ ತೀರಿಸಿ ಬಂದವರನ್ನೂ ತೀರಿಸದೆ ಉಳಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಷರತ್ತು ಶಿಸ್ತನ್ನು ಅಳೆಯುತ್ತಿಲ್ಲ.

ಸಿಬಿಲ್ ಎಂದು ನಾವು ಸಾಮಾನ್ಯವಾಗಿ ಕರೆಯುವ ವರದಿಯಲ್ಲಿ ಏನಿರುತ್ತದೆ ಎಂಬುದನ್ನು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ನಾಲ್ಕು ಸಂಸ್ಥೆಗಳು, ಅಂದರೆ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್, ಸಾಲ ಕೊಟ್ಟವರು ಕಳಿಸುವ ಮಾಹಿತಿಯನ್ನು ಕಲೆಹಾಕಿ 300ರಿಂದ 900ರ ನಡುವಿನ ಅಂಕ ಕೊಡುತ್ತವೆ. ಯಾವ ತಿಂಗಳ ಕಂತು ಗಡುವು ಮೀರಿ ಎಷ್ಟು ದಿನ ತಡವಾಯಿತು, ಯಾವ ಸಾಲವನ್ನು ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಲಾಯಿತು, ಯಾವುದನ್ನು ಬ್ಯಾಂಕ್ ಲೆಕ್ಕದಿಂದ ತೆಗೆದುಹಾಕಿತು ಎಂಬುದೆಲ್ಲ ಅದರಲ್ಲಿರುತ್ತದೆ. ಕಂತು ತಪ್ಪಿದ್ದು ಏಕೆ ಎಂಬುದಕ್ಕೆ ಮಾತ್ರ ಅದರಲ್ಲಿ ಜಾಗವಿಲ್ಲ. ಮನೆಯ ದುಡಿಯುವವರು ಆಸ್ಪತ್ರೆ ಸೇರಿದ್ದು, ಗಲ್ಫ್‌ನಿಂದ ಕೆಲಸ ಬಿಟ್ಟು ಮರಳಿದ್ದು, ಅಣ್ಣನ ಸಾಲಕ್ಕೆ ಜಾಮೀನು ಹಾಕಿ ಸಿಕ್ಕಿಬಿದ್ದದ್ದು, ಇವೆಲ್ಲಕ್ಕೂ ಜೂಜಿನಲ್ಲಿ ಹಣ ಕಳೆದುಕೊಂಡವರ ಸುಸ್ತಿಗೂ ವರದಿಯಲ್ಲಿ ಬೀಳುವ ಗುರುತು ಒಂದೇ. ಉಳಿತಾಯ ಖಾತೆಯಲ್ಲಿ ಪೈಸೆ ಪೈಸೆ ಕೂಡಿಟ್ಟವರ ಶಿಸ್ತೂ ಅದರಲ್ಲಿ ಕಾಣಿಸುವುದಿಲ್ಲ, ಏಕೆಂದರೆ ಠೇವಣಿಯ ವಿವರ ಆ ವರದಿಗೆ ಹೋಗುವುದೇ ಇಲ್ಲ. ಸಾಲ ಕೊಡುವವರಿಗೆ ಕಾರಣ ಬೇಕಾಗದೆ ಇರಬಹುದು. ಅವರಿಗೆ ಬೇಕಾದದ್ದು ಹಣ ಸಕಾಲಕ್ಕೆ ವಾಪಸು ಬರುವ ಸಂಭವ ಎಷ್ಟು ಎಂಬ ಅಂದಾಜು. ಕೆಲಸ ಕೊಡುವವರಿಗೆ ಬೇಕಾದದ್ದು ವ್ಯಕ್ತಿಯ ಪ್ರಾಮಾಣಿಕತೆ. ಅದನ್ನು ಹೇಳುವ ಶಕ್ತಿ ಈ ವರದಿಗೆ ಇಲ್ಲ.

ನಮ್ಮ ಕರಾವಳಿಯ ಮನೆಗಳ ಆದಾಯ ತಿಂಗಳ ಲೆಕ್ಕದಲ್ಲಿ ನಡೆಯುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ದಡ ಸೇರಿರುತ್ತವೆ, ಹಿಡಿದ ಮೀನಿನ ಪಾಲಿನ ಲೆಕ್ಕದಲ್ಲಿ ದುಡಿಯುವವರಿಗೆ ಆ 61 ದಿನ ಪಾಲೂ ಇರುವುದಿಲ್ಲ. ಸಾಲದ ಕಂತು ಮಾತ್ರ ಜೂನ್ 5ಕ್ಕೂ ಬರುತ್ತದೆ, ಜುಲೈ 5ಕ್ಕೂ ಬರುತ್ತದೆ. ಬೀಡಿ ಕಟ್ಟುವವರು, ಕಟ್ಟಡದ ಕೆಲಸಕ್ಕೆ ಹೋಗುವವರು, ಮದುವೆ ಮುಂಜಿಗಳ ಅಡುಗೆಗೆ ಹೋಗುವವರು, ಎಲ್ಲರ ಪಾಡೂ ಮಳೆಗಾಲದಲ್ಲಿ ಹೆಚ್ಚು ಕಡಿಮೆ ಇದೇ. ಈ ಸತ್ಯ ಈ ನೆಲದ ಬ್ಯಾಂಕುಗಳಿಗೆ ಒಂದು ಕಾಲದಲ್ಲಿ ಚೆನ್ನಾಗಿ ಗೊತ್ತಿತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಅವಿಭಜಿತ ಜಿಲ್ಲೆ ಇದು. ದಿನದ ದುಡಿಮೆಯವರು ದಿನವೇ ಎರಡಾಣೆ ಉಳಿಸಲಿ ಎಂದು ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ಜನರ ಆದಾಯ ಬರುವ ರೀತಿಗೆ ಬ್ಯಾಂಕ್ ಹೊಂದಿಕೊಂಡಿತು. ಈಗ ತಿಂಗಳ ಒಂದು ನಿಗದಿತ ದಿನಾಂಕಕ್ಕೆ ಬದುಕನ್ನು ಹೊಂದಿಸಿಕೊಳ್ಳಲಾಗದವರ ಮಕ್ಕಳಿಗೆ ಬ್ಯಾಂಕಿನ ಕೆಲಸವೇ ಇಲ್ಲ ಎನ್ನುವ ಸ್ಥಿತಿ ಬಂದಿದೆ.

ಮಕ್ಕಳು ಎಂದು ಬೇಕೆಂದೇ ಬರೆದೆ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನವರ ಹೆಸರಿನಲ್ಲಿ ಸಾಲದ ಚರಿತ್ರೆ ಎಲ್ಲಿಂದ ಬರುತ್ತದೆ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಬೈಕಿನ ಸಾಲ, ಮೊಬೈಲಿನ ಕಂತು, ಆ್ಯಪ್‌ಗಳ ಸಣ್ಣ ಸಾಲ ಇವೆಲ್ಲ ಇವೆ. ಅವುಗಳಲ್ಲಿ ಕೆಲವು ಅವಿವೇಕದ ಸಾಲಗಳೇ ಎಂದು ಒಪ್ಪುತ್ತೇನೆ. ಆದರೆ ಹೆಚ್ಚು ಭಾರವಾದದ್ದು ಶಿಕ್ಷಣ ಸಾಲ. ಅದು ವಿದ್ಯಾರ್ಥಿಯ ಹೆಸರಿನಲ್ಲಿಯೇ ಇರುತ್ತದೆ, ತಂದೆ ಅಥವಾ ತಾಯಿ ಸಹ ಸಾಲಗಾರರಾಗಿರುತ್ತಾರೆ. ಕೋರ್ಸ್ ಮುಗಿದು ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ಆ ಒಂದು ವರ್ಷದಲ್ಲಿ ಕೆಲಸ ಸಿಕ್ಕರೆ ಸರಿ. ಸಿಗದಿದ್ದರೆ ಕಂತು ಶುರುವಾಗಿ, ಮೂರು ತಿಂಗಳು ಕಟ್ಟದೆ ಹೋದರೆ ಖಾತೆ ಅನುತ್ಪಾದಕ ಆಸ್ತಿಯ, ಅಂದರೆ ಮರುಪಾವತಿ ನಿಂತುಹೋದ ಸಾಲಗಳ, ಪಟ್ಟಿಗೆ ಸೇರುತ್ತದೆ, ಅದರ ಗುರುತು ಆ ಹುಡುಗಿಯ ಅಥವಾ ಹುಡುಗನ ವರದಿಯಲ್ಲಿ ಬೀಳುತ್ತದೆ. ಸರ್ಕಾರಿ ಬ್ಯಾಂಕಿನ ಪರೀಕ್ಷೆಗೆ ಎರಡು ಮೂರು ವರ್ಷ ತಯಾರಿ ನಡೆಸುವುದು ನಮ್ಮಲ್ಲಿ ಸಾಮಾನ್ಯ. ಅಂದರೆ ಪರೀಕ್ಷೆ ಪಾಸಾಗುವ ಹೊತ್ತಿಗೆ ಶಿಕ್ಷಣ ಸಾಲ ಸುಸ್ತಿಯಾಗಿರುವ ಸಂಭವವೇ ಹೆಚ್ಚು. ಓದಲೆಂದು ಬ್ಯಾಂಕ್ ಕೊಟ್ಟ ಸಾಲವೇ, ಓದಿ ಗಳಿಸಿದ ಬ್ಯಾಂಕಿನ ಕೆಲಸಕ್ಕೆ ಅಡ್ಡಗಾಲಾಗುತ್ತದೆ. 2023ರಲ್ಲಿ ಕೇರಳ ಹೈಕೋರ್ಟ್, ಸಿಬಿಲ್ ಅಂಕ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದು ಎಂದು ಹೇಳಿತು. ಸಾಲಕ್ಕೇ ಈ ಔದಾರ್ಯ ತಕ್ಕದ್ದಾದರೆ ಸಂಬಳದ ಕೆಲಸಕ್ಕೆ ಇನ್ನೂ ಹೆಚ್ಚು ತಕ್ಕದ್ದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಇದು ನಡೆದದ್ದನ್ನು ಹತ್ತಿರದಿಂದ ಕಂಡಿದ್ದೇನೆ. ತಂದೆ ಬೋಟಿನ ಕೆಲಸದವರು. ಎಂಬಿಎ ಓದಲು ಮಾಡಿದ ಸಾಲ, ತಂದೆಯ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಸುಸ್ತಿಯಾಯಿತು. ಪರೀಕ್ಷೆಯಲ್ಲಿ ಅವಳು ಮೊದಲ ಪಟ್ಟಿಯಲ್ಲೇ ಆಯ್ಕೆಯಾದಳು. ಸೇರುವ ಮುನ್ನ ಬಾಕಿ ಇಲ್ಲವೆಂಬ ಪತ್ರ ಬೇಕೆಂದಾಗ ಮನೆಯವರು ಚಿಕ್ಕಮ್ಮಂದಿರ ಬಳೆ, ಸರಗಳನ್ನು ಸೊಸೈಟಿಯಲ್ಲಿ ಅಡವಿಟ್ಟು ಹಣ ಹೊಂದಿಸಿದರು. ಈಗ ಅವಳು ಕೆಲಸದಲ್ಲಿದ್ದಾಳೆ, ಅಡವಿನ ಬಡ್ಡಿ ಕಟ್ಟುತ್ತಿದ್ದಾಳೆ. ಹಳೆಯ ಸಾಲದ ಗುರುತು ಅಳಿಸಲು ಹೊಸ ಸಾಲ ಮಾಡುವ ಸ್ಥಿತಿಗೆ ತಳ್ಳುವ ಷರತ್ತಿನಿಂದ ಬ್ಯಾಂಕಿಗೆ ಯಾವ ಭದ್ರತೆ ಸಿಕ್ಕಿತು ಎಂಬುದು ನನಗೆ ಅರ್ಥವಾಗಿಲ್ಲ. ಅಡವಿಡಲು ಬಂಧುಗಳ ಚಿನ್ನವೂ ಇಲ್ಲದ ಮನೆಯವಳಾಗಿದ್ದರೆ ಅವಳ ಜಾಗಕ್ಕೆ ಕಾಯ್ದಿರಿಸಿದ ಪಟ್ಟಿಯಿಂದ ಇನ್ನೊಬ್ಬರು ಬರುತ್ತಿದ್ದರು, ಅಷ್ಟೇ.

ಖಾಸಗಿ ವಲಯದ ಸಂಗತಿ ಬೇರೆ ರೀತಿಯದು, ಮತ್ತು ಕಣ್ಣಿಗೆ ಕಡಿಮೆ ಬೀಳುವಂಥದ್ದು. ಹಣಕಾಸು ಕಂಪನಿಗಳೂ ಕೆಲವು ಹೊರಗುತ್ತಿಗೆ ಕಚೇರಿಗಳೂ ಆಫರ್ ಲೆಟರ್ ಕೊಡುವ ಮುನ್ನ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುವಾಗ ಸಾಲದ ವರದಿಯನ್ನೂ ಕೇಳುತ್ತವೆ. ಸಾಲ ಮಾಹಿತಿ ಸಂಸ್ಥೆಗಳನ್ನು ನಿಯಂತ್ರಿಸುವ 2005ರ ಕಾಯ್ದೆ ಮತ್ತು ಅದರಡಿಯ 2006ರ ನಿಯಮಾವಳಿ ಯಾರು ಈ ಮಾಹಿತಿಯನ್ನು ಪಡೆಯಬಹುದು ಎಂದು ಹೆಸರಿಸಿವೆ. ಸಾಲ ಕೊಡುವ ಸಂಸ್ಥೆಗಳು, ವಿಮಾ ಕಂಪನಿಗಳು, ದೂರಸಂಪರ್ಕ ಕಂಪನಿಗಳು, ಷೇರು ದಲ್ಲಾಳಿಗಳು ಆ ಪಟ್ಟಿಯಲ್ಲಿದ್ದಾರೆ, ಉದ್ಯೋಗದಾತರು ಎಂಬ ವರ್ಗ ಅದರಲ್ಲಿಲ್ಲ. ಹಾಗಾಗಿ ಅಭ್ಯರ್ಥಿಯಿಂದಲೇ ವರದಿ ತರಿಸಿಕೊಳ್ಳುವ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಡ್ಡದಾರಿ ಬಳಕೆಗೆ ಬಂದಿದೆ. ಕೆಲಸ ಬೇಕಾದವರು ಸಹಿ ಹಾಕದೆ ಏನು ಮಾಡಿಯಾರು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮುಕ್ತವಾಗಿ ಕೊಟ್ಟದ್ದಾಗಿರಬೇಕು ಎನ್ನುತ್ತದೆಯಾದರೂ, ಉದ್ಯೋಗದ ಉದ್ದೇಶಕ್ಕೆ ಮತ್ತು ಉದ್ಯೋಗದಾತರನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ಮಾಹಿತಿ ಬಳಸಲು ಅದೇ ಕಾಯ್ದೆಯ 7ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನಮ್ಮ ಕಾಲೇಜಿನ ಹುಡುಗನೊಬ್ಬನಿಗೆ ಮಂಗಳೂರಿನ ಕಂಪನಿಯೊಂದು ವರದಿ ಪಡೆದ ಬಳಿಕ ಮೌನವಾಯಿತು. ಆಯ್ಕೆ ಏಕೆ ನಿಂತಿತು ಎಂದು ಅವನು ಕೇಳಿದ ಮೇಲ್‌ಗೆ ಉತ್ತರ ಬರಲಿಲ್ಲ. ನಿಜವಾದ ಕಾರಣ ಸಾಲದ ವರದಿಯೇ, ಬೇರೆಯೇ ಎಂದು ಅವನಿಗೆ ತಿಳಿಯುವ ದಾರಿಯೇ ಇಲ್ಲ.

ವರದಿ ತಪ್ಪಾಗಿದ್ದರೆ ಏನು ಎಂಬುದನ್ನೂ ಯೋಚಿಸಬೇಕು. ಮುಗಿದ ಸಾಲ ಚಾಲ್ತಿಯಲ್ಲಿದೆ ಎಂದು ತೋರಿಸುವುದು, ಒಂದೇ ಹೆಸರಿನ ಇನ್ನೊಬ್ಬರ ಖಾತೆ ಸೇರಿಕೊಳ್ಳುವುದು ಅಪರೂಪವೇನಲ್ಲ. ತಿದ್ದುಪಡಿಗೆ 30 ದಿನಗಳ ಅವಧಿಯಿದೆ. ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಸಾಲಕ್ಕೆ ಅರ್ಜಿ ಹಾಕಿದವರು ಒಂದು ತಿಂಗಳು ಕಾಯಬಹುದು. ಹದಿನೈದು ದಿನದೊಳಗೆ ದಾಖಲೆ ಸಲ್ಲಿಸಬೇಕಾದ ಅಭ್ಯರ್ಥಿ ಕಾಯಲಾರರು, ಕಳೆದುಹೋದ ನೌಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರವೂ ಅಲ್ಲ.

ಹಣ ಎಣಿಸುವ ಕೈ ಸಾಲದಲ್ಲಿ ಮುಳುಗಿದ್ದರೆ ಅಪಾಯವಲ್ಲವೇ ಎಂಬ ಬ್ಯಾಂಕುಗಳ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಠೇವಣಿದಾರರ ಹಣ ಕಾಪಾಡುವುದು ಅವರ ಮೊದಲ ಕರ್ತವ್ಯ. ಆದರೆ ಸಾಲದ ವರದಿಯಲ್ಲಿ ಇರುವುದಕ್ಕೂ ಕೆಲಸದ ಗುಣಮಟ್ಟಕ್ಕೂ ಅಥವಾ ವಂಚನೆಯ ಸಂಭವಕ್ಕೂ ಅಂಕಿಅಂಶದ ಸಂಬಂಧ ತೋರಿಸುವ ಸಂಶೋಧನೆ ತಮ್ಮಲ್ಲಿಲ್ಲ ಎಂದು 2010ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡದ್ದು ಟ್ರಾನ್ಸ್‌ಯೂನಿಯನ್ ಕಂಪನಿಯ ಪ್ರತಿನಿಧಿಯೇ; ಸಿಬಿಲ್ ಇಂದು ಅದೇ ಕಂಪನಿಯ ಒಡೆತನದಲ್ಲಿದೆ. ಅಮೆರಿಕದಲ್ಲಿ 1970ರ ಕೇಂದ್ರ ಕಾಯ್ದೆಯ ಪ್ರಕಾರ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಬೇಕು, ವರದಿಯ ಆಧಾರದಲ್ಲಿ ಕೆಲಸ ನಿರಾಕರಿಸುವ ಮುನ್ನ ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು. ವಾಷಿಂಗ್ಟನ್, ಓರೆಗಾನ್, ಇಲಿನಾಯ್, ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳು ಇನ್ನೂ ಮುಂದೆ ಹೋಗಿ ಈ ಪದ್ಧತಿಗೆ ಮಿತಿ ಹಾಕಿವೆ. ಓರೆಗಾನ್, ಇಲಿನಾಯ್‌ಗಳಲ್ಲಿ ಬ್ಯಾಂಕುಗಳಿಗೆ ವಿನಾಯಿತಿ ಇದೆ ಎಂಬುದನ್ನೂ ಹೇಳಬೇಕು. ಬ್ಯಾಂಕಿಗೆ ಪರಿಶೀಲನೆಯ ಅಧಿಕಾರವೇ ಬೇಡ ಎಂದು ನಾನೂ ವಾದಿಸುತ್ತಿಲ್ಲ. ಅಭ್ಯರ್ಥಿಯ ಮಾತು ಕೇಳದೆ ಬಾಗಿಲು ಮುಚ್ಚಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಮಾತು ಕೇಳುವ ಪದ್ಧತಿ ನಮ್ಮ ಬ್ಯಾಂಕುಗಳಿಗೆ ಹೊಸತಲ್ಲ. 2024ರ ಜುಲೈ 30ರ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ 25 ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬಾಕಿ ಉಳಿಸಿಕೊಂಡವರನ್ನು ಉದ್ದೇಶಪೂರ್ವಕ ಸುಸ್ತಿದಾರರೆಂದು ಘೋಷಿಸಬೇಕಾದರೆ ಮೊದಲು ಕಾರಣ ಕೇಳುವ ನೋಟಿಸ್ ಕೊಡಬೇಕು, ಉತ್ತರಕ್ಕೆ 21 ದಿನ ಕೊಡಬೇಕು, ಒಂದು ಸಮಿತಿಯ ತೀರ್ಮಾನವನ್ನು ಇನ್ನೊಂದು ಸಮಿತಿ ಪರಿಶೀಲಿಸಬೇಕು, ಖುದ್ದಾಗಿ ಹೇಳಿಕೊಳ್ಳುವ ಅವಕಾಶವೂ ಇರಬೇಕು. ಕೋಟಿಗಟ್ಟಲೆ ಬಾಕಿಯವರಿಗೆ ಇಷ್ಟೆಲ್ಲ ಅವಕಾಶ ಕೊಟ್ಟು, ಕೆಲವು ಸಾವಿರದ ಕಂತು ತಪ್ಪಿದ ನಿರುದ್ಯೋಗಿಗೆ ಒಂದು ಪ್ರಶ್ನೆಯನ್ನೂ ಕೇಳದೆ ಅನರ್ಹ ಎನ್ನುವುದು ಯಾವ ನ್ಯಾಯ? ಕಟ್ಟುವ ಶಕ್ತಿ ಇದ್ದೂ ಕಟ್ಟದವರು ಮತ್ತು ಶಕ್ತಿಯೇ ಇಲ್ಲದವರು ಬೇರೆ ಬೇರೆ ಎಂದು ರಿಸರ್ವ್ ಬ್ಯಾಂಕೇ ಗುರುತಿಸಿರುವಾಗ, ನೇಮಕಾತಿಯಲ್ಲಿ ಆ ವ್ಯತ್ಯಾಸ ಮರೆಯಾಗಬಾರದು.

ಆದ್ದರಿಂದ ಐಬಿಪಿಎಸ್ ಮತ್ತು ಸ್ಟೇಟ್ ಬ್ಯಾಂಕ್ ತಮ್ಮ ಮುಂದಿನ ಅಧಿಸೂಚನೆಗಳಲ್ಲಿ ತೀರಿದ ಸಾಲದ ಹಳೆಯ ಸುಸ್ತಿಯನ್ನು ಅನರ್ಹತೆಯ ಕಾರಣಗಳಿಂದ ಪೂರ್ತಿ ಕೈಬಿಡಬೇಕು. ತೀರದ ಶಿಕ್ಷಣ ಸಾಲ ಇದ್ದವರಿಗೆ ಮೊದಲೇ ಹಣ ತುಂಬಿ ಪತ್ರ ತರಲು ಹೇಳುವ ಬದಲು, ಸೇರಿದ ತಿಂಗಳಿನಿಂದ ಸಂಬಳದಲ್ಲಿ ಕಂತು ಕಡಿತಗೊಳಿಸಲು ಒಪ್ಪಿಗೆ ಪತ್ರ ಪಡೆದು ಕೆಲಸಕ್ಕೆ ಸೇರಿಸಿಕೊಳ್ಳಬೇಕು. ಸಂಬಳ ಕೊಡುವ ಬ್ಯಾಂಕಿಗೆ ಇದಕ್ಕಿಂತ ಸುಲಭವಾದ, ಖಚಿತವಾದ ವಸೂಲಿ ಇನ್ನೊಂದಿಲ್ಲ. ಸಾಲ ಕೊಟ್ಟ ಬ್ಯಾಂಕಿಗೂ ಲೆಕ್ಕದಿಂದ ಹೋಗಿದ್ದ ಹಣ ಮರಳಿ ಬರುತ್ತದೆ. ವರದಿಯಲ್ಲಿ ಬೇರೆ ಪ್ರತಿಕೂಲ ಅಂಶ ಕಂಡರೆ ಅದರ ಪ್ರತಿ ಕೊಟ್ಟು, ಕನಿಷ್ಠ ಆ 21 ದಿನಗಳ ಅವಕಾಶವನ್ನು ಅಭ್ಯರ್ಥಿಗೂ ಕೊಟ್ಟು, ಉತ್ತರ ನೋಡಿ ಬರಹದಲ್ಲಿ ಕಾರಣ ತಿಳಿಸಬೇಕು. ಖಾಸಗಿ ಉದ್ಯೋಗದಾತರ ವಿಷಯದಲ್ಲಿ, ಹಣ ನಿರ್ವಹಿಸದ ಹುದ್ದೆಗಳಿಗೆ ಸಾಲದ ವರದಿ ಕೇಳುವಂತಿಲ್ಲ ಎಂದು 2005ರ ಕಾಯ್ದೆಗೆ ತಿದ್ದುಪಡಿ ತರುವುದೇ ಸರಿಯಾದ ದಾರಿ. ಬ್ಯಾಂಕಿಂಗ್‌ನ ತವರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಉಡುಪಿ-ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಬೇಕೆಂದು ನನ್ನ ವಿನಂತಿ.

ಕಾನೂನು ಬದಲಾಗುವವರೆಗೆ ಕಾಲೇಜುಗಳು ಮಾಡಬಹುದಾದ ಒಂದು ಕೆಲಸವಿದೆ. ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಂದು ಪೂರ್ಣ ವರದಿಯನ್ನು ಯಾರೂ ಉಚಿತವಾಗಿ ಪಡೆಯಬಹುದು. ಅಂತಿಮ ವರ್ಷದ ವಿದ್ಯಾರ್ಥಿಗಳಿಂದ ಅದನ್ನು ಅವರ ಎದುರಿನಲ್ಲೇ ತೆಗೆಸಿ, ಓದುವುದನ್ನು ಕಲಿಸಿ, ತಪ್ಪಿದ್ದರೆ ನೇಮಕಾತಿಯ ಗಡುವು ಹತ್ತಿರವಾಗುವ ಮುನ್ನವೇ ತಿದ್ದುಪಡಿಗೆ ಅರ್ಜಿ ಹಾಕಿಸಬೇಕು. ಶಿಕ್ಷಣ ಸಾಲ ಕಟ್ಟಲಾಗದ ಸ್ಥಿತಿ ಬಂದಾಗ ಸುಮ್ಮನಿರದೆ, ಖಾತೆ ಸುಸ್ತಿಯಾಗುವ ಮೊದಲೇ ಶಾಖೆಗೆ ಹೋಗಿ ಅವಧಿ ವಿಸ್ತರಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವಂತೆ ಮನೆಯವರಿಗೂ ತಿಳಿಸಬೇಕು. ನಮ್ಮ ಕಾಲೇಜಿನಲ್ಲಿ ಈ ಸೆಮಿಸ್ಟರಿನಿಂದ ಇದನ್ನು ಆರಂಭಿಸುತ್ತಿದ್ದೇವೆ. ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕಿನವರು ಪ್ರತಿ ತಾಲೂಕಿನಲ್ಲೂ ಇಂಥದ್ದೊಂದು ದಿನ ಏರ್ಪಡಿಸಿ ಅಧಿಕಾರಿಗಳನ್ನು ಕಳಿಸಿಕೊಟ್ಟರೆ ಬೇರೆ ಕಾಲೇಜುಗಳಿಗೂ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ವಾಣಿಜ್ಯ ಉಪನ್ಯಾಸಕಿ, ಉಡುಪಿ